ಸನ್ಮಾನ ಪತ್ರದೊಳಗಿನ ಇಡ್ಲಿ ಗಾಡಿ

ನಮ್ಮ ಬಡಾವಣೆಯಲ್ಲಿ ಯಾರಿಗಾದರೂ ಸನ್ಮಾನ ಮಾಡಬೇಕೆಂದರೆ ಶಾಲಿಗೆ ಚಿಕ್ಕಪೇಟೆಗೆ ಹೋಗುತ್ತಾರೆ, ಹಾರಕ್ಕೆ ಮಾರ್ಕೆಟ್ಟಿಗೆ ಹೋಗುತ್ತಾರೆ, ಹೊಗಳಿಕೆಗೆ ನಮ್ಮ ಮನೆಗೆ ಬರುತ್ತಾರೆ. ನಾನು ರಾಜಾಜಿನಗರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಅರ್ಥಶಾಸ್ತ್ರಕ್ಕೂ ಹೊಗಳಿಕೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಯಾವ ಸಂಬಂಧವೂ ಇಲ್ಲ. ನಿವೃತ್ತಿಯಾದ ಹೊಸದರಲ್ಲಿ ಗಣೇಶನನ್ನು ಕೂರಿಸುವ ಸಮಿತಿಯವರು ನಮ್ಮ ಏರಿಯಾದ ಪೋಸ್ಟ್‌ಮ್ಯಾನ್‌ಗೆ ನನ್ನಿಂದ ಒಂದು ಸನ್ಮಾನ ಪತ್ರ ಬರೆಸಿಕೊಂಡು ಹೋದರು. ಅದನ್ನು ಓದುತ್ತಿದ್ದ ಹಾಗೆ ಆ ಪುಣ್ಯಾತ್ಮ ವೇದಿಕೆಯ ಮೇಲೆಯೇ ಕಣ್ಣೊರೆಸಿಕೊಂಡ. ‘ಮೇಷ್ಟ್ರು ಬರೆದರೆ ಸನ್ಮಾನಿತರು ಅಳುತ್ತಾರೆ’ ಎಂದು ಸುದ್ದಿಯಾಯಿತು. ಆ ದಿನದ ಹಾರದಲ್ಲಿದ್ದ ಸುಗಂಧರಾಜ ಅವನಿಗೆ ಆಗಿಬರುತ್ತಿರಲಿಲ್ಲ, ಅದಕ್ಕೇ ಕಣ್ಣಲ್ಲಿ ನೀರು ಬಂತು ಎನ್ನುವುದು ನನ್ನ ಹೆಂಡತಿ ವಿಮಲಳ ವಾದ. ಈ ವಾದವನ್ನು ನಾನು ಮನೆಯಿಂದ ಹೊರಗೆ ಹೋಗಲು ಬಿಟ್ಟಿಲ್ಲ.

ಈ ಸಲ ಬಂದವರು ನಂಜೇಗೌಡರು. ನಮ್ಮ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ, ಬೀದಿಯ ವರ್ತಕರ ಸಂಘಕ್ಕೆ ಅವರೇ ಕಾರ್ಯದರ್ಶಿ. ಬಸವೇಶ್ವರನಗರ ಬಡಾವಣೆಯಾಗುವುದಕ್ಕೆ ಮುಂಚೆ ಅವರ ತಂದೆ ಇಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರಂತೆ. ನಮ್ಮ ನೀರಿನ ಸಂಪು ಇರುವ ಕಡೆಯೇ ಅವರ ಕಣ ಇತ್ತಂತೆ. ಹಾಗಾಗಿ ನಮ್ಮ ಮನೆಗೆ ಬರುವಾಗ ಬೆಲ್ ಒತ್ತುವ ಪದ್ಧತಿ ಅವರಿಗಿಲ್ಲ. ನೇರವಾಗಿ ಹಾಲಿಗೆ ಬಂದು ಕೂತರು.

“ಮೇಷ್ಟ್ರೇ, ಬರೋ ಭಾನುವಾರ ನಮ್ ಶಾಸಕರಿಗೆ ಸನ್ಮಾನ ಇಟ್ಕೊಂಡಿದೀವಿ. ನಿಮ್ದೊಂದು ಪತ್ರ ಬೇಕು.”

“ಏನಂತ ಬರೀಲಿ ಗೌಡ್ರೇ?”

“ನಮ್ ರೋಡು ಮುಂಚೆ ಹೆಂಗಿತ್ತು, ಈಗ ಹೆಂಗಾಗಿದೆ, ನೀವೇ ನೋಡ್ತಿದೀರಲ್ಲ. ಇಷ್ಟೊಂದು ಅಂಗ್ಡಿ, ಇಷ್ಟೊಂದು ವ್ಯಾಪಾರ! ಇದಕ್ಕೆಲ್ಲಾ ಸಾಹೇಬ್ರೇ ಕಾರಣ ಅಂತ ಬರೀರಿ. ಸ್ವಲ್ಪ ಉದ್ದಕ್ಕೇ ಬರ್ಲಿ. ಫ್ರೇಮ್ ದೊಡ್ಡದು ಹೇಳ್ಬಿಟ್ಟಿದೀನಿ.”

ಫ್ರೇಮಿನ ಅಳತೆಗೆ ತಕ್ಕಂತೆ ಹೊಗಳುವುದು ನನಗೆ ಹೊಸದೇನಲ್ಲ. ಆದರೆ ಈ ಸಲ ಕೈ ಓಡಲಿಲ್ಲ. ಯಾಕೆಂದರೆ ಇದು ನನ್ನ ಸ್ವಂತ ಹೊಲಕ್ಕೇ ಬಂದು ಬಿದ್ದ ವಿಷಯ. ಮೂವತ್ತು ವರ್ಷ ನಾನು ಕ್ಲಾಸಿನಲ್ಲಿ, ತನ್ನ ಕೋಳಿ ಕೂಗುವುದರಿಂದಲೇ ಬೆಳಗಾಗುತ್ತದೆ ಎಂದುಕೊಂಡಿದ್ದ ಮುದುಕಿಯ ಕಥೆ ಹೇಳಿದ್ದೇ ಹೇಳಿದ್ದು. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಕಣ್ರಪ್ಪಾ, ವ್ಯಾಪಾರ ಏರಿದರೂ ಸರ್ಕಾರ, ಇಳಿದರೂ ಸರ್ಕಾರ ಎನ್ನಬೇಡಿ, ಬೀದಿಯ ಏಳಿಗೆಗೆ ನೂರೆಂಟು ಕಾರಣಗಳಿರುತ್ತವೆ ಎಂದು ಗಂಟಲು ಹರಿದುಕೊಂಡಿದ್ದೇನೆ. ಹಿಂದಿನ ಬೆಂಚಿನ ಒಬ್ಬ ಒಮ್ಮೆ ಎದ್ದು ನಿಂತು, “ಸಾರ್, ಹಂಗಾದ್ರೆ ನಾವು ಪಾಸಾದ್ರೆ ಅದಕ್ಕೆ ನೀವು ಕಾರಣ ಅಂತ ಹೇಳೋಕಾಗಲ್ಲ, ಅಲ್ವಾ?” ಎಂದಿದ್ದ. ಅದೊಂದು ವಿಷಯ ಬೇರೆ ಎಂದು ಹೇಳಿ ಕೂರಿಸಿದ್ದೆ.

ಗೌಡರಿಗೆ ನನ್ನ ಸಂಕಟ ಅರ್ಥವಾಗಲಿಲ್ಲ. “ಹಳೇ ಶಾಸಕರಿಗೆ ಬರ್ದಿದ್ರಲ್ಲ, ಅದೇ ಇರುತ್ತಲ್ಲ ಮೇಷ್ಟ್ರೇ. ಹೆಸರು ಒಂದು ಬದಲಾಯಿಸಿದ್ರಾಯ್ತು” ಎಂದು ಹೇಳಿ ಹೋದರು. ಹುಡುಕಿದರೆ ಆ ಪತ್ರ ಸಿಕ್ಕಿತು. ಹಳೆಯ ಶಾಸಕರು ಈಗಿನವರಿಗೆ ಚುನಾವಣೆಯಲ್ಲಿ ಎದುರಾಳಿ, ಪಕ್ಷವೂ ಬೇರೆ. ಆದರೆ ಪತ್ರದಲ್ಲಿದ್ದದ್ದು ಇದೇ ರಸ್ತೆ, ಇದೇ ಚರಂಡಿ, ಇದೇ ಕಾವೇರಿ ಪೈಪು. ‘ಈ ಬೀದಿಯ ಆರ್ಥಿಕ ಚೈತನ್ಯದ ಮೂಲಪುರುಷರೇ’ ಎಂದು ಶುರು ಮಾಡಿದ್ದೆ. ಒಂದೇ ಬೀದಿಗೆ ಐದೈದು ವರ್ಷಕ್ಕೊಬ್ಬ ಮೂಲಪುರುಷನನ್ನು ಒದಗಿಸುವುದು ನನಗೂ ನಾಚಿಕೆಯ ವಿಷಯವಾಗಿ ಕಂಡಿತು. ಪತ್ರವನ್ನು ಮಡಿಚಿ ಒಳಗಿಟ್ಟೆ.

ಹನ್ನೊಂದು ಗಂಟೆಯ ಹೊತ್ತಿಗೆ ಜಯಮ್ಮ ಬಂದರು. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆ, ಹೊಂಗೆ ಮರದ ಕೆಳಗೆ ಅವರ ತಟ್ಟೆ ಇಡ್ಲಿ ಗಾಡಿ ನಿಲ್ಲುತ್ತದೆ. ಮನೆ ಲಗ್ಗೆರೆಯಲ್ಲಿ. ಗಾರ್ಮೆಂಟ್ಸ್ ಕೆಲಸ ಬಿಟ್ಟು ಏಳು ವರ್ಷದ ಹಿಂದೆ ಈ ಗಾಡಿ ಹಾಕಿದವರು. ಆಕೆಯ ಇಡ್ಲಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ವಿಮಲ ಈ ಪ್ರಬಂಧವನ್ನು ಓದುವ ಸಾಧ್ಯತೆ ಇದೆ. ಅಷ್ಟಕ್ಕೂ ಬೆಳಗ್ಗೆ ಆ ಮರದ ಸುತ್ತ ನಿಲ್ಲುವ ಸ್ಕೂಟರುಗಳನ್ನು ನೋಡಿದರೆ ಸಾಕು. ಪೀಣ್ಯಕ್ಕೆ ಶಿಫ್ಟಿಗೆ ಹೋಗುವವರು, ಕ್ಲಿನಿಕ್ಕಿನ ನರ್ಸುಗಳು, ವಾಕಿಂಗ್ ಮುಗಿಸಿ ಮನೆಯಲ್ಲಿ ಓಟ್ಸ್ ತಿನ್ನಬೇಕಾದ ನನ್ನಂಥವರು, ಎಲ್ಲರೂ ಅಲ್ಲಿರುತ್ತಾರೆ. ಯಾವತ್ತೂ ನಗುನಗುತ್ತಾ ಇರುವ ಹೆಂಗಸು ಅವತ್ತು ಬಾಗಿಲಲ್ಲೇ ನಿಂತುಬಿಟ್ಟರು.

“ಸಾರ್, ಫುಟ್‌ಪಾತಿಗೆ ಟೈಲ್ಸ್ ಹಾಕ್ತಾರಂತೆ. ಇನ್ಮೇಲೆ ಗಾಡಿ ಇಲ್ಲಿ ನಿಲ್ಲಂಗಿಲ್ಲ ಅಂತ ಗೌಡ್ರು ಹೇಳಿದ್ರು. ಮೇನ್ ರೋಡಿಗೆ ಹೋಗಮ್ಮ ಅಂತಾರೆ. ಅಲ್ಲಿ ಆಗ್ಲೇ ನಾಕು ಗಾಡಿ ಐತೆ ಸಾರ್. ನನ್ನ ಯಾರು ಕೇಳ್ತಾರೆ?”

“ಗೌಡ್ರಿಗೆ ನಾನೊಂದು ಮಾತು ಹೇಳ್ಲಾ?”

“ಅವ್ರ ಕೈಲೇನಿಲ್ವಂತೆ. ನೀವು ಸಾಹೇಬ್ರಿಗೆ ಏನೋ ಬರೀತಿದೀರಂತಲ್ಲ, ಅದ್ರಲ್ಲಿ ನಂದೂ ಒಂದು ಲೈನ್ ಹಾಕಿ ಸಾರ್. ಜಯಮ್ಮನ ಗಾಡಿ ಅಲ್ಲೇ ಇರ್ಲಿ ಅಂತ. ದೊಡ್ ಮಗಳದು ನರ್ಸಿಂಗು ಇನ್ನೂ ಒಂದು ವರ್ಷ ಐತೆ.”

ನನಗೆ ನಿಜವಾಗಿಯೂ ಸಂಕಟವಾಯಿತು. ಏಳು ವರ್ಷ ಒಂದು ಮರದ ಕೆಳಗೆ ನಿಂತು ಸಂಪಾದಿಸಿದ ಗಿರಾಕಿಗಳನ್ನು ಗಾಡಿಯ ಜೊತೆ ತಳ್ಳಿಕೊಂಡು ಹೋಗಲು ಬರುವುದಿಲ್ಲ. ಹಾಕುತ್ತೇನಮ್ಮಾ ಎಂದು ಮಾತು ಕೊಟ್ಟೆ. ನಮ್ಮ ಹಿರಿಯರು ಬರೆಯುತ್ತಿದ್ದ ಬಿನ್ನವತ್ತಳೆಗಳಲ್ಲಿ ಹೊಗಳಿಕೆ ಮುಗಿದ ಮೇಲೆ ಕೊನೆಗೆ ಒಂದು ಅರಿಕೆ ಇದ್ದೇ ಇರುತ್ತಿತ್ತು. ಊರಿಗೆ ಕೆರೆಯೋ ಸ್ಕೂಲೋ ಬೇಕು ಎಂದು ವಿನಯದಿಂದ ಕೇಳುತ್ತಿದ್ದರು. ಅದೇ ಧೈರ್ಯದಿಂದ ಗೌಡರ ಅಂಗಡಿಗೆ ಹೋಗಿ ಹೇಳಿದೆ.

“ಛೆ ಛೆ, ಬೇಡಿಕೆ ಗೀಡಿಕೆ ಬೇಡ ಮೇಷ್ಟ್ರೇ” ಎಂದರು ಗೌಡರು. “ಸನ್ಮಾನಕ್ಕೆ ಕರೆದು ಅರ್ಜಿ ಕೊಟ್ರು ಅಂತಾಗುತ್ತೆ. ಜಯಮ್ಮ ಒಳ್ಳೇ ಹೆಣ್ಮಗಳು, ನಾನೇನು ಬೇಡ ಅಂದ್ನಾ? ನಾನೂ ಅಲ್ಲೇ ತಿನ್ನೋದು. ಆದ್ರೆ ಪತ್ರದಲ್ಲಿ ಹೊಗಳಿಕೆ ಮಾತ್ರ ಇರ್ಲಿ. ಅದು ಎಷ್ಟು ಬೇಕಾದ್ರೂ ಹಾಕಿ.”

ಹೊಗಳುವುದೇ ಆದರೆ ನಿಜಕ್ಕೆ ಸ್ವಲ್ಪವಾದರೂ ಹತ್ತಿರವಿರಲಿ ಎಂದು ಮಾರನೆಯ ದಿನ ಒಂದು ನೋಟ್‌ಬುಕ್ ಹಿಡಿದು ಬೀದಿಯ ಅಂಗಡಿಗಳ ಸಮೀಕ್ಷೆಗೆ ಹೊರಟೆ. ಜೀವನದಲ್ಲಿ ನಾನೇ ಬೀದಿಗಿಳಿದು ಮಾಡಿದ ಮೊದಲ ಸಂಶೋಧನೆ ಇದು. ನಿಮ್ಮ ವ್ಯಾಪಾರ ಚೆನ್ನಾಗಿ ಆಗುತ್ತಿರುವುದಕ್ಕೆ ಶಾಸಕರು ಎಷ್ಟು ಕಾರಣ ಎಂಬುದು ಪ್ರಶ್ನೆ. ಬೇಕರಿಯವರು ಗಟ್ಟಿಯಾಗಿ ನಕ್ಕು, “ನಾಗರಬಾವಿ ಕಾಲೇಜ್ ಹುಡುಗ್ರು ಕಾರಣ ಸಾರ್. ಪರೀಕ್ಷೆ ಟೈಮಲ್ಲಿ ಪಫ್ ಸಾಲಲ್ಲ” ಎಂದರು. ಬ್ಲೌಸ್ ಹೊಲಿಯುವ ಹೆಂಗಸು ತಮ್ಮ ಏಳಿಗೆಗೆಲ್ಲ ಬನಶಂಕರಮ್ಮನೇ ಕಾರಣ ಎಂದು ಕೈ ಮುಗಿದರು, ನಾನು ಹೊರಡುವಾಗ ಕೈಗೆ ಕುಂಕುಮ ಕೊಟ್ಟರು. ಗೌಡರನ್ನೇ ಕೇಳಿದರೆ, “ನಮ್ಮಪ್ಪ ಆವತ್ತು ಎರಡು ಸೈಟು ಮಾರ್ದೆ ಇಟ್ಕೊಂಡ್ರಲ್ಲ, ಅದೇ ಕಾರಣ” ಎಂದುಬಿಟ್ಟರು. ಇವರೇ ಸನ್ಮಾನ ಏರ್ಪಡಿಸಿದವರು!

ಸರಿ, ನನ್ನ ಸಿದ್ಧಾಂತ ಗೆದ್ದಿತು ಎಂದು ಹಿಗ್ಗುತ್ತಾ ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿದೆ. ಅಲ್ಲಿ ಕೂರುವ ಹೆಣ್ಣುಮಗಳು ಯೋಚನೆಯನ್ನೇ ಮಾಡದೆ, “ಲೈಟು ಸಾರ್” ಎಂದಳು. “ಮುಂಚೆ ಬೀದಿ ದೀಪ ಉರೀತಾನೇ ಇರ್ಲಿಲ್ಲ. ಏಳು ಗಂಟೆಗೆ ಬಾಗಿಲು ಹಾಕ್ಕೊಂಡು ಹೋಗ್ತಿದ್ದೆ. ಇವ್ರು ಬಂದು ಲೈಟ್ ಹಾಕಿಸಿದ್ಮೇಲೆ ಒಂಬತ್ತರವರೆಗೂ ಇರ್ತೀನಿ. ಲೇಡೀಸ್ ಎಲ್ಲಾ ಧೈರ್ಯವಾಗಿ ಓಡಾಡ್ತಾರೆ.” ಆ ದೀಪದ ಬೆಳಕಿನಲ್ಲಿ ದಿನಾ ಸಂಜೆ ಓಡಾಡುವ ನಾನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಜಯಮ್ಮನನ್ನು ಕೇಳಿದರೆ ಮತ್ತೊಂದು ಹೇಳಿದರು. “ಹೆಂಗಸ್ರಿಗೆ ಬಸ್ ಫ್ರೀ ಆದ್ಮೇಲೆ ನಮ್ಮಕ್ಕ ದಿನಾ ಬಂದು ಚಟ್ನಿ ರುಬ್ಬಿ ಕೊಡ್ತಾಳೆ ಸಾರ್. ಅದಕ್ಕೇ ಇನ್ನೊಂದು ಸ್ಟೌ ಇಟ್ಟಿದ್ದು.” ವಿಧಾನಸೌಧದಲ್ಲಿ ಯಾರೋ ಹಾಕಿದ ಒಂದು ಸಹಿ ನಮ್ಮ ಹೊಂಗೆ ಮರದ ಕೆಳಗೆ ಎರಡನೆಯ ಸ್ಟೌ ಹಚ್ಚಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕೋಳಿ ಕೂಗಿದ್ದಕ್ಕೆ ಬೆಳಗಾಗುವುದಿಲ್ಲ, ಒಪ್ಪಿದೆ. ಆದರೆ ಈ ಕೋಳಿ ಕೂಗಿ ಸುಮ್ಮನಾಗಿರಲಿಲ್ಲ, ಅಷ್ಟಿಷ್ಟು ಕೆಲಸವನ್ನೂ ಮಾಡಿತ್ತು. ಹೊಗಳುವುದಕ್ಕೆ ನನ್ನ ಮನಸ್ಸು ಅರ್ಧ ಒಪ್ಪಿತು.

ಉಳಿದದ್ದು ಜಯಮ್ಮನ ಸಾಲು. ಬೇಡಿಕೆ ಇಡುವ ಹಾಗಿಲ್ಲ, ಮಾತು ಕೊಟ್ಟಾಗಿದೆ. ಸಂಜೆ ವಿಮಲ ನೆನೆಹಾಕಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದಳು. ನಾನು ಎದುರು ಕೂತು, ಒಂದೊಂದು ಕಾಳು ಹಿತುಕಿ ಎರಡೆರಡು ಮಾತಾಡುತ್ತಾ ನನ್ನ ಕಷ್ಟ ತೋಡಿಕೊಂಡೆ.

“ಅಯ್ಯೋ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ?” ಎಂದಳು. “ಬೇಡಿಕೆ ಬೇಡ ಅಂದ್ರೆ ಹೊಗಳಿಕೆಯಲ್ಲೇ ಸೇರಿಸಿ. ಆ ಗಾಡಿನ ಅವರೇ ಉಳಿಸಿಕೊಟ್ಟಿದಾರೆ ಅಂತ ಎಲ್ಲರೆದುರಿಗೆ ಥ್ಯಾಂಕ್ಸ್ ಹೇಳ್ಬಿಡಿ.”

“ಅವರು ಉಳಿಸೇ ಇಲ್ಲವಲ್ಲೇ! ಆಕೆ ಯಾರು ಅಂತಲೂ ಅವರಿಗೆ ಗೊತ್ತಿಲ್ಲ.”

“ಹೋದ ತಿಂಗಳು ನಮ್ಮಣ್ಣ ಅತ್ತಿಗೆ ಬಂದಾಗ, ನಮ್ಮೆಜಮಾನ್ರು ಭಾನುವಾರ ಅಟ್ಟ ಕ್ಲೀನ್ ಮಾಡಿಕೊಡ್ತಿದಾರೆ, ಎಷ್ಟು ಒಳ್ಳೆಯವರು ಅಂದೆನಲ್ಲ. ನೀವೇನಾದ್ರೂ ಮಾಡ್ತೀನಿ ಅಂದಿದ್ರಾ?”

ಅಂದಿರಲಿಲ್ಲ. ಆದರೆ ಭಾವನವರೆದುರಿಗೆ ಅಷ್ಟು ಹೊಗಳಿಸಿಕೊಂಡ ಮೇಲೆ ಬೇರೆ ದಾರಿಯೂ ಇರಲಿಲ್ಲ. ಆ ಭಾನುವಾರ ಬೆಳಗ್ಗೆ ತಲೆಗೆ ಟವೆಲ್ ಕಟ್ಟಿಕೊಂಡು ಅಟ್ಟ ಹತ್ತಿದ್ದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹೀಗೆ ಎಷ್ಟು ಸಲ ಹತ್ತಿಸಿದ್ದಾಳೋ ಎಂದು ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟುಬಿಟ್ಟೆ. ಅವತ್ತು ರಾತ್ರಿ ಊಟಕ್ಕೆ ಮುಂಚೆ ಪತ್ರ ಮುಗಿಯಿತು. ಫ್ರೇಮು ತುಂಬಲೆಂದು ರಸ್ತೆ, ಚರಂಡಿ, ಕಾವೇರಿ ಪೈಪುಗಳನ್ನು ಹಳೆಯ ಪತ್ರದಿಂದಲೇ ಎತ್ತಿಕೊಂಡೆ. ದೀಪಗಳ ಬಗ್ಗೆ ಒಂದು ಪ್ಯಾರಾ ಮನಸ್ಸಿಟ್ಟು ಬರೆದೆ. ಅದರ ಕೆಳಗೆ, ‘ಹೊಂಗೆ ಮರದ ನೆರಳಿನಲ್ಲಿ ಪ್ರತಿನಿತ್ಯ ದುಡಿಯುವ ಜನಕ್ಕೆ ಬಿಸಿ ಇಡ್ಲಿ ನೀಡುತ್ತಿರುವ ಶ್ರೀಮತಿ ಜಯಮ್ಮನವರ ಗಾಡಿಯು ತಮ್ಮ ದೂರದೃಷ್ಟಿಗೆ ಜೀವಂತ ಸಾಕ್ಷಿಯಾಗಿದ್ದು, ಅದನ್ನು ಅದೇ ಜಾಗದಲ್ಲಿ ಉಳಿಸಿಕೊಟ್ಟ ತಮಗೆ ನಮ್ಮ ಬೀದಿ ಚಿರಋಣಿ’ ಎಂದು ಬರೆದೆ. ಗೌಡರು ಓದಿ, ತಲೆ ಕೆರೆದುಕೊಂಡು, “ಇದು ಹೊಗಳಿಕೆ ತಾನೇ?” ಎಂದು ಎರಡು ಸಲ ಕೇಳಿ ಫ್ರೇಮಿಗೆ ಒಯ್ದರು.

ಭಾನುವಾರ ಐದು ಗಂಟೆಗೆಂದಿದ್ದ ಕಾರ್ಯಕ್ರಮಕ್ಕೆ ಶಾಸಕರು ಆರೂವರೆಗೆ ಬಂದರು. ಅದು ನಮ್ಮಲ್ಲಿ ಬೇಗ ಬಂದ ಹಾಗೆಯೇ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಆದ ಮೇಲೆ ನಾನು ಮೈಕ್ ಮುಂದೆ ನಿಂತು ಓದತೊಡಗಿದೆ. ಶಾಸಕರು ಇಂಥ ಪತ್ರಗಳನ್ನು ಕೇಳಿ ಕೇಳಿ ನುರಿತವರು. ಮುಖದಲ್ಲಿ ಒಂದು ನಗು ಇಟ್ಟುಕೊಂಡು ಮೊಬೈಲ್ ನೋಡುತ್ತಿದ್ದರು. ಜಯಮ್ಮನ ಸಾಲಿಗೆ ಬಂದಾಗ ಓದುವ ವೇಗ ಸ್ವಲ್ಪ ಹೆಚ್ಚಿಸಿದೆ. ಶಾಸಕರು ತಲೆ ಎತ್ತಿ ನನ್ನನ್ನೇ ನೋಡಿದರು. ಮೊದಲ ಸಾಲಿನಲ್ಲಿ ಕೂತಿದ್ದ ವಿಮಲ ಸೆರಗು ಸರಿಮಾಡಿಕೊಂಡಳು. ಸಿಕ್ಕಿಬಿದ್ದೆ ಎಂದುಕೊಂಡೆ. ನನಗೆ ಬೈದರೆ ಬೈಯಲಿ, ಆಕೆಯ ಗಾಡಿಯನ್ನು ನಾಳೆಯೇ ಎತ್ತಿಸಿದರೆ ಏನು ಗತಿ ಎಂದು ಬೆವರಿದೆ.

ಶಾಸಕರು ಎದ್ದು ಮೈಕ್ ಹಿಡಿದರು. “ಮೇಷ್ಟ್ರು ಓದಿದ್ದು ಕೇಳಿದ್ರಲ್ಲ? ಅದ್ರಲ್ಲಿ ಅರ್ಧ ನಾನು ಮಾಡಿದೀನಿ ಅಂತ ನಂಗೇ ಗೊತ್ತಿರ್ಲಿಲ್ಲ” ಎಂದರು. ಜನ ಗೊಳ್ಳೆಂದು ನಕ್ಕರು. “ಕಾವೇರಿ ಪೈಪು ನನಗಿಂತ ಮುಂಚೆ ಇದ್ದವ್ರು ಹಾಕ್ಸಿದ್ದು, ಅದು ಅವ್ರಿಗೇ ಸೇರ್ಬೇಕು. ಲೈಟು ನಂದು, ಒಪ್ಕೋತೀನಿ. ವ್ಯಾಪಾರ ನಿಮ್ದು. ಬೆಳಿಗ್ಗೆ ಎದ್ದು ಶಟರ್ ಎತ್ತೋರು ನೀವು, ನಾನಲ್ಲ.” ಆಮೇಲೆ ಸುತ್ತ ನೋಡಿ, “ಈ ಜಯಮ್ಮನವ್ರು ಯಾರು? ನನ್ನ ದೂರದೃಷ್ಟಿನ ನಾನೂ ಒಂದ್ಸಲ ಹತ್ರದಿಂದ ನೋಡ್ಬೇಕಲ್ಲ!” ಎಂದರು.

ಶಾಮಿಯಾನದ ಕೊನೆಯಲ್ಲಿ ನಿಂತಿದ್ದ ಜಯಮ್ಮನನ್ನು ನಾಲ್ಕು ಜನ ಹೆಂಗಸರು ವೇದಿಕೆಗೆ ತಳ್ಳಿಕೊಂಡು ಬಂದರು. ಶಾಸಕರು ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಆಕೆಗೆ ಹೊದಿಸಿದರು. “ಗಾಡಿ ಉಳಿಸಿದೀನಿ ಅಂತ ಮೇಷ್ಟ್ರು ಬರ್ದು ಫ್ರೇಮ್ ಬೇರೆ ಹಾಕ್ಸಿಬಿಟ್ಟಿದಾರೆ. ಇನ್ನು ತೆಗ್ಸೋಕಾಗುತ್ತೇನಮ್ಮಾ? ನೀವು ಇಡ್ಲಿ ಮಾಡ್ಕೊಂಡಿರಿ.” ನನ್ನ ಉಪಾಯವನ್ನು ಒಂದೇ ನೋಟದಲ್ಲಿ ಹಿಡಿದು, ಎಲ್ಲರೆದುರಿಗೆ ಬಿಚ್ಚಿಟ್ಟು, ನನಗೂ ಅವಮಾನವಾಗದ ಹಾಗೆ ನೋಡಿಕೊಂಡರು. ಇಷ್ಟು ಚುರುಕಾದ ವಿದ್ಯಾರ್ಥಿ ನನ್ನ ಕ್ಲಾಸಿನಲ್ಲಿ ಒಬ್ಬನೂ ಇರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಮನಸಾರೆ ಗೌರವ ಬಂತು, ಅದನ್ನು ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ.

ಆದರೂ ವೇದಿಕೆಯ ಮಾತು ವೇದಿಕೆಗೇ ಎನ್ನುವ ಅನುಮಾನ ಇದ್ದೇ ಇತ್ತು. ಹತ್ತು ದಿನದ ನಂತರ ಟೈಲ್ಸಿನ ಲಾರಿ ಬಂದು ಮರದ ಹತ್ತಿರ ನಿಂತಾಗ ಪೇಪರ್ ಬಿಸಾಕಿ ಓಡಿದೆ. ಜಯಮ್ಮ ಕೈಯಲ್ಲಿ ಸೌಟು ಹಿಡಿದು ಕಲ್ಲಾಗಿ ನಿಂತಿದ್ದರು. ಸುತ್ತ ನಿಂತಿದ್ದ ಗಿರಾಕಿಗಳೂ ತಿನ್ನುವುದನ್ನು ನಿಲ್ಲಿಸಿದ್ದರು. ಎಂಜಿನಿಯರ್ ಸಾಹೇಬರು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿಸುತ್ತಿದ್ದರು. ಗೆರೆ ನೆಟ್ಟಗೆ ಬಂದು, ಮರದ ಹತ್ತಿರ ಬಳುಕಿ, ಗಾಡಿಯನ್ನು ಒಳಗೆ ಬಿಟ್ಟು ಮುಂದಕ್ಕೆ ಹೋಯಿತು.

“ಸಾಹೇಬ್ರು ಬೆಳಿಗ್ಗೇನೇ ಫೋನ್ ಮಾಡಿದ್ರು ಸಾರ್” ಎಂದರು ಎಂಜಿನಿಯರ್. “ಓಡಾಡೋರಿಗೆ ತೊಂದ್ರೆ ಆಗ್ಬಾರ್ದು, ಗಾಡಿಗೂ ಜಾಗ ಇರ್ಬೇಕು, ಹೆಂಗಾದ್ರೂ ಹೊಂದಿಸಿ ಅಂದ್ರು.”

ಜಯಮ್ಮ ಸೌಟು ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಒಂದು ಫೋನ್ ಮಾಡುವುದು ದೊಡ್ಡದೇನಲ್ಲ ಎನ್ನುವವರು ಇರಬಹುದು. ಹತ್ತು ದಿನದ ಹಿಂದೆ ಒಂದು ಸಲ ನೋಡಿದ ಹೆಂಗಸನ್ನು ನೆನಪಿಟ್ಟುಕೊಂಡು ಮಾಡಿದ ಫೋನು ಅದು. ನಾನು ನನ್ನ ತಮ್ಮನ ಹುಟ್ಟುಹಬ್ಬಕ್ಕೂ ಅಷ್ಟು ನೆನಪಿಟ್ಟು ಫೋನ್ ಮಾಡಿದವನಲ್ಲ.

ಮಾರನೆಯ ದಿನದಿಂದ ಬೀದಿಯಲ್ಲಿ ಗಾಡಿ ಉಳಿಸಿದ ಕೀರ್ತಿಗೆ ಹಕ್ಕುದಾರರು ಹುಟ್ಟಿಕೊಂಡರು. ಸನ್ಮಾನ ಇಟ್ಟವನು ನಾನಲ್ಲವೇ ಎಂದು ಗೌಡರು ಹಾರ್ಡ್‌ವೇರ್ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಕಾರ್ಯಕ್ರಮದ ಮೈಕಿಗೆ ಕರೆಂಟ್ ಕೊಟ್ಟವನು ನಾನು ಎಂದು ಬೇಕರಿಯವರು ಹೇಳಿದರು. ನಾನು ಮಾತ್ರ ಸುಮ್ಮನಿದ್ದೆ, ಎರಡು ದಿನ. ಮೂರನೆಯ ದಿನ ಬೆಳಗ್ಗೆ ತಟ್ಟೆ ಹಿಡಿದು ನಿಂತಿದ್ದಾಗ ಪಕ್ಕದಲ್ಲಿ ತಿನ್ನುತ್ತಿದ್ದ ಯಾರೋ ಅಪರಿಚಿತರು ಫುಟ್‌ಪಾತ್ ಇಲ್ಲೇಕೆ ಹೀಗೆ ಬಳುಕಿದೆ ಎಂದು ಕೇಳಿದರು. ಕೇಳಿದ್ದೇ ಸಾಕು, ನಾನು ಶುರುಮಾಡಿದೆ. ನನ್ನ ಪತ್ರ, ನನ್ನ ಯೋಚನೆ, ನನ್ನ ಆ ಒಂದು ಸಾಲು. ಅವರ ಇಡ್ಲಿ ಮುಗಿದರೂ ನನ್ನ ಮಾತು ಮುಗಿಯಲಿಲ್ಲ.

ಜಯಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಆಮೇಲೆ ಮೆತ್ತಗೆ, “ಹೌದು ಸಾರ್, ನಿಮ್ಮನೆ ಅಮ್ಮಾವ್ರು ತರಕಾರಿ ತಗೊಳಕ್ಕೆ ಬಂದಾಗ ಹೇಳಿದ್ರು. ಅವ್ರೇ ಹೇಳ್ಕೊಟ್ಟಿದ್ದಂತಲ್ಲ” ಎಂದರು. ಅಪರಿಚಿತರು ನನ್ನನ್ನು ನೋಡಿ ನಕ್ಕು ಕೈತೊಳೆಯಲು ಹೋದರು. ಜಯಮ್ಮ ಹಬೆಯಾಡುವ ನಾಲ್ಕು ಇಡ್ಲಿಯನ್ನು ಬಾಳೆ ಎಲೆಯಲ್ಲಿ ಕಟ್ಟಿ, ಚಟ್ನಿಯನ್ನು ಬೇರೆ ಕಟ್ಟಿ ನನ್ನ ಕೈಗಿತ್ತರು. “ಇದು ಅಮ್ಮಾವ್ರಿಗೆ ಸಾರ್. ಜಯಮ್ಮ ಕೊಟ್ಲು ಅಂತ ಹೇಳಿ. ದುಡ್ಡು ಬೇಡ.”

ಪೊಟ್ಟಣ ಹಿಡಿದು ಮನೆಗೆ ಬಂದೆ. ದಾರಿಯುದ್ದಕ್ಕೂ, ಹೋದ ಕೂಡಲೇ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡೇ ಬಂದೆ. ವಿಮಲ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆಂದು ಈರುಳ್ಳಿ ಹೆಚ್ಚಲು ಕೂತಿದ್ದಳು. ಎಲೆಯ ಪೊಟ್ಟಣ ನೋಡಿ ಅವಳ ಮುಖ ಅರಳಿತು.

“ಅರೆ! ನನಗೆ ಅಂತಲೇ ತಂದ್ರಾ?”

“ಮತ್ತೆ? ದಿನಾ ನೀನೇ ಕಷ್ಟಪಡ್ತೀಯಲ್ಲ” ಎಂದೆ.